ಬಂದವರಿಗೆ ಕೊಡುವ ನೀರು

ತುಂಬಿದ ಕೊಡಪಾನವನ್ನು ಸೊಂಟಕ್ಕಿಟ್ಟುಕೊಂಡು ಗುಡ್ಡ ಇಳಿಯುತ್ತಿದ್ದ ಕೆರಿಯಮ್ಮನಿಗೆ ಅರ್ಧ ದಾರಿಯಲ್ಲೇ ಜೀಪಿನ ಸದ್ದು ಕೇಳಿಸಿತು. "ಅಯ್ಯೋ ದೇವ್ರೆ, ಬಂದೇಬಿಟ್ರಲ್ಲ!" ಎಂದು ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ಹೆಜ್ಜೆ ಚುರುಕು ಮಾಡಿದಳು. ಹತ್ತು ಗಂಟೆಗೆ ಬರುತ್ತೇವೆಂದ ಸರ್ಕಾರದವರು ಹತ್ತಕ್ಕೇ ಬರುವುದೆಂದರೆ ಏನು! ಮೂರು ಅರ್ಜಿ ಕೊಟ್ಟು ಆರು ತಿಂಗಳು ಕಾದರೂ ತಲೆ ಹಾಕದವರು ಇವತ್ತು ಮಾತ್ರ ಗಡಿಯಾರ ನೋಡಿಕೊಂಡು ಬಂದಿದ್ದರು. ಅವಸರಕ್ಕೆ ನೀರು ತುಳುಕಿ ಸೀರೆಯ ಒಂದು ಮಗ್ಗುಲೆಲ್ಲ ಒದ್ದೆಯಾಯಿತು.

ಹಿತ್ತಿಲ ಬಾಗಿಲಿನಿಂದ ಒಳಗೆ ನುಗ್ಗಿ ಕೊಡಪಾನ ಇಳಿಸಿದಾಗ ಮಗಳು ಸೌಜನ್ಯ ಅಡುಗೆಮನೆಯ ಹೊಸಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆಂದು ತೀರ್ಥಹಳ್ಳಿಯ ಕಡೆಯ ಗಂಡನ ಮನೆಯಿಂದ ತವರಿಗೆ ಬಂದು ಹದಿನೈದು ದಿನವಾಗಿತ್ತು ಅಷ್ಟೆ.

"ಅವ್ರಿಗೆ ಕೊಡಾಕೆ ಗುಡ್ಡದ ನೀರು ತಂದ್ಯನಮ್ಮ?" ಎಂದಳು ಸೌಜನ್ಯ. "ಬಾವಿದೇ ಕೊಡ್ಬೇಕಿತ್ತು. ಒಂದು ಗುಟುಕು ಕುಡುದ್ರೆ ಗೊತ್ತಾಗ್ತಿತ್ತು ಅವ್ರಿಗೆ."

"ಬಾಯ್ಮುಚ್ಚೆ ಸಾಕು. ಮನೆ ಬಾಗ್ಲಿಗೆ ಬಂದವ್ರಿಗೆ ಆ ನೀರು ಕೊಡಾಕಾಗ್ತದಾ? ನಾವೇನು ಮನ್ಷರಲ್ವಾ?"

ಹೀಗೆಂದವಳೇ ಕೆರಿಯಮ್ಮ ತಾಮ್ರದ ಲೋಟಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕತೊಡಗಿದಳು. ತಿಕ್ಕಿದ್ದನ್ನು ತೊಳೆಯುವುದಕ್ಕೂ ಬಾವಿಯ ನೀರು ಮುಟ್ಟಲಿಲ್ಲ. ಗುಡ್ಡದ ನೀರನ್ನೇ ಒಂದಿಷ್ಟು ಸುರಿದುಕೊಂಡಳು.

ಹಲಸಗೋಡು ಇರುವುದು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯಿಂದ ಒಳಗೆ ಮೂರು ಮೈಲಿ. ದೀವರ ಜಾತಿಯವರ ಆರು ಮನೆ. ಗುಡ್ಡದ ಮೇಲೆ ಮೂಕಾಂಬಿಕಮ್ಮನದೊಂದು ಮನೆ. ಆರು ಮನೆಗಳಲ್ಲಿ ಎಲ್ಲಕ್ಕಿಂತ ಸಿಹಿ ನೀರಿನ ಬಾವಿ ಯಾವುದು ಎಂದು ಕೇಳಿದರೆ ಸಣ್ಣ ಮಕ್ಕಳೂ ಕೆರಿಯಮ್ಮನ ಗಂಡ ಜಟ್ಟಪ್ಪನ ಮನೆಯತ್ತ ಕೈ ತೋರಿಸುತ್ತಿದ್ದರು. ಗೇಣಿಯ ಭೂಮಿ ತಮ್ಮ ಹೆಸರಿಗೆ ಆದ ವರ್ಷ ಜಟ್ಟಪ್ಪನ ಅಪ್ಪ ತಾನೇ ಇಳಿದು ತೋಡಿದ ಬಾವಿ ಅದು. ಮೂವತ್ತೆರಡು ಅಡಿಗೆ ನೀರು ಬಿದ್ದಾಗ ಮೇಲೆ ಬಂದು ಮಣ್ಣು ಮೆತ್ತಿದ ಮೈಯಲ್ಲೇ ಅಂಗಳದಲ್ಲಿ ಕುಣಿದಿದ್ದನಂತೆ.

ಆ ಮನೆಯಲ್ಲಿ ನೀರು ಕೊಡುವುದಕ್ಕೊಂದು ಕಥೆಯಿತ್ತು. ಕೆರಿಯಮ್ಮನ ಅತ್ತೆ ಹುಲಿಗೆಮ್ಮ ಬದುಕಿರುವ ತನಕ ಅದನ್ನು ಹೇಳದ ದಿನವಿರಲಿಲ್ಲ. ಬಾವಿ ತೋಡುವುದಕ್ಕೂ ಹಿಂದೆ ಗೇಣಿ ಎಣಿಸಲು ಬರುತ್ತಿದ್ದ ಒಡೆಯರ ಮನೆಯವರಿಗೆ ಜಗುಲಿಯಲ್ಲಿ ಬೆಲ್ಲ, ನೀರು ಇಡುತ್ತಿದ್ದರು. ಅವರು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನೀರು ಮುಟ್ಟುತ್ತಿರಲಿಲ್ಲ. ಬಿಸಿಲಲ್ಲಿ ನಾಲಿಗೆ ಒಣಗಿ ಬಂದಿದ್ದರೂ ಹಾಗೇ ಎದ್ದು ಹೋಗುತ್ತಿದ್ದರು. ಅವರು ಹೋದ ಮೇಲೆ ತುಂಬಿದ ಚೊಂಬನ್ನು ಒಳಗೆ ತರುವುದೆಂದರೆ ಮುಖಕ್ಕೆ ಹೊಡೆದ ಹಾಗೆ ಆಗುತ್ತಿತ್ತು ಎಂದು ಹುಲಿಗೆಮ್ಮ ಹೇಳುತ್ತಿದ್ದಳು. ಕೆರಿಯಮ್ಮ ಮದುವೆಯಾಗಿ ಬಂದ ವರ್ಷ, ಅದೇ ಒಡೆಯರ ಮನೆಯ ಸೊಸೆ, ಆಗಷ್ಟೇ ಊರಿನ ಪೋಸ್ಟಾಫೀಸಿನ ಕೆಲಸ ಹಿಡಿದಿದ್ದ ಮೂಕಾಂಬಿಕಮ್ಮ, ಮನಿಯಾರ್ಡರು ಕೊಡಲು ಬಂದವರು ಬೆಲ್ಲ ಕಚ್ಚಿ ಲೋಟ ಎತ್ತಿ ಗಟಗಟ ಕುಡಿದು, "ಇನ್ನೊಂದು ಲೋಟ ಕೊಡಿ, ಎಂಥ ರುಚಿ ಮಾರಾಯ್ತಿ ಈ ನೀರು!" ಎಂದುಬಿಟ್ಟರು. ಹುಲಿಗೆಮ್ಮ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ಹೊಸ ಸೊಸೆ ಕೆರಿಯಮ್ಮ ನೋಡಿದ್ದಳು. ಅಂದಿನಿಂದ ಆ ಮನೆಯ ಜಗುಲಿ ಹತ್ತಿದ ಒಬ್ಬನೇ ಒಬ್ಬನೂ ನೀರು ಕುಡಿಯದೆ ಇಳಿದಿಲ್ಲ. ಲೈನ್‌ಮನ್ನು, ವೋಟು ಕೇಳುವವರು, ದಾರಿ ತಪ್ಪಿ ಬಂದ ಜೋಗದ ಪ್ರವಾಸಿಗರು, ಎಲ್ಲರೂ ಕುಡಿದಿದ್ದರು.

ಇಂಥ ಬಾವಿ ಈಗ ನಾರುತ್ತಿತ್ತು.

ಮನೆಯ ಹಿಂದಿನ ಏರಿನಲ್ಲಿ ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟ ಹಳೆಯ ಕ್ವಾರಿ. ಎರಡಾಳು ಆಳದ ಗುಂಡಿ. ಹೋದ ವರ್ಷದ ಬೇಸಗೆಯಲ್ಲಿ ಗಣೇಶಮೂರ್ತಿ ಎಂಬ ಗುತ್ತಿಗೆದಾರ ಅದಕ್ಕೆ ತಗಡಿನ ಬೇಲಿ ಹಾಕಿ, ಗೇಟು ನಿಲ್ಲಿಸಿ, 'ಸಾವಯವ ಗೊಬ್ಬರ ತಯಾರಿಕಾ ಘಟಕ' ಎಂದು ಹಸಿರು ಬಣ್ಣದ ಬೋರ್ಡು ಬರೆಸಿದ. ಗೊಬ್ಬರವಂತೆ ಗೊಬ್ಬರ! ಅಲ್ಲಿಂದ ಒಂದು ಬುಟ್ಟಿ ಗೊಬ್ಬರ ಹೊರಗೆ ಬಂದದ್ದನ್ನು ಕಂಡವರಿಲ್ಲ. ಒಳಗೆ ಹೋದದ್ದನ್ನು ಮಾತ್ರ ಊರೆಲ್ಲ ಕಂಡಿದೆ: ಕೋಳಿ ಅಂಗಡಿಯ ಕರುಳು, ಪುಕ್ಕ, ಕಲ್ಯಾಣಮಂಟಪಗಳ ಎಂಜಲು, ಹೋಮ್‌ಸ್ಟೇಗಳ ಬಾಟಲಿ, ಮಕ್ಕಳಿಗೆ ಕಟ್ಟುವ ಪ್ಯಾಡು, ಯಾವುದೋ ಆಸ್ಪತ್ರೆಯ ಸೂಜಿ. ದಿನಕ್ಕೆ ನಾಲ್ಕು ಲೋಡು. ಜಂಬಿಟ್ಟಿಗೆ ಕಲ್ಲೆಂದರೆ ತೂತು ತೂತು ಕಲ್ಲು, ಮೇಲೆ ಸುರಿದದ್ದೆಲ್ಲ ಕೆಳಗಿಳಿಯುತ್ತದೆ ಎನ್ನುವುದಕ್ಕೆ ಇಂಜಿನಿಯರೇ ಆಗಬೇಕೆ? ಮೊದಲ ಮಳೆಗೆ ಬಾವಿಯ ನೀರಿನ ಮೇಲೆ ಎಣ್ಣೆಯ ಪದರ ಕಂಡಿತು. ಆಷಾಢಕ್ಕೆ ವಾಸನೆ ಶುರುವಾಯಿತು. ಅನ್ನ ಮಾಡಿದರೆ ಹಳದಿ ತಿರುಗುತ್ತಿತ್ತು. ಕೊಟ್ಟಿಗೆಯ ಎಮ್ಮೆ ಬಾನಿಗೆ ಮೂತಿ ಇಟ್ಟು, ಮೂಸಿ, ಹಿಂದಕ್ಕೆ ಸರಿದು ನಿಂತಿತು. ಉಳಿದ ಐದು ಮನೆಯವರ ಬಾವಿಗಳು ದಿಬ್ಬದ ಆಚೆಗಿದ್ದವು. ಮೇಲಾಗಿ ಇಬ್ಬರ ಮಕ್ಕಳು ಗಣೇಶಮೂರ್ತಿಯ ಲಾರಿ ಓಡಿಸುತ್ತಿದ್ದರು. ಹಾಗಾಗಿ ಅರ್ಜಿಗೆ ಸಹಿ ಹಾಕಲು ಯಾರಿಗೂ ಪೆನ್ನು ಸಿಗಲಿಲ್ಲ. ಆಮೇಲೆ ಅವರ ಬಾವಿಕಟ್ಟೆಗೆ ಕೊಡಪಾನ ಹಿಡಿದು ಹೋಗಲು ಕೆರಿಯಮ್ಮನಿಗೂ ಮನಸ್ಸಾಗಲಿಲ್ಲ.

ಈ ಅರ್ಜಿಯ ಮೇಲೆಯೇ ಈಗ ಜೀಪು ಬಂದು ನಿಂತಿದ್ದು. ಜೀಪಿನಿಂದ ಇಳಿದ ಅಧಿಕಾರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಅಭಿಷೇಕ ಎಂದು ಹೆಸರು. ನುಣ್ಣಗೆ ಕ್ಷೌರ ಮಾಡಿದ ಮುಖ, ಕೈಯಲ್ಲಿ ನೀಲಿ ಫೈಲು. ಜೀಪಿನ ಹಿಂದೆಯೇ ಒಂದು ಬಿಳಿ ಕಾರು ಬಂತು. ಅದರಿಂದ ಗಣೇಶಮೂರ್ತಿ ಇಳಿದ. ದೂರು ಕೊಟ್ಟವರ ಮನೆಗೆ, ದೂರು ಯಾರ ಮೇಲಿದೆಯೋ ಅವನನ್ನೇ ಜೊತೆಗೆ ಕರೆದುಕೊಂಡು ಬರುವುದು ಯಾವ ಸೀಮೆಯ ತನಿಖೆಯೋ! ಜಟ್ಟಪ್ಪ ತುಟಿ ಕಚ್ಚಿಕೊಂಡು ಇಬ್ಬರಿಗೂ ಒಂದೇ ಚಾಪೆ ಹಾಸಿದ.

ಕೆರಿಯಮ್ಮ ತಟ್ಟೆಯಲ್ಲಿ ಬೆಲ್ಲ, ಲೋಟಗಳಲ್ಲಿ ನೀರು ತಂದಿಟ್ಟಳು. ಗಣೇಶಮೂರ್ತಿಗೂ ಇಟ್ಟಳು. ಅವನನ್ನು ಕಂಡರೆ ಮೈ ಉರಿಯುತ್ತಿತ್ತು, ಆದರೂ ಜಗುಲಿ ಹತ್ತಿದ ಮೇಲೆ ಅವನೂ ನೆಂಟನೇ.

ಅಧಿಕಾರಿ ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದ. "ಆಹಾ, ಏನು ತಂಪು! ಫ್ರಿಜ್ಜಿನದಾ ಇದು?"

"ಫ್ರಿಜ್ಜೆಲ್ಲಿಂದ ಬರ್ಬೇಕು ಸ್ವಾಮಿ" ಎಂದ ಜಟ್ಟಪ್ಪ.

"ನಮ್ಮ ಮಲೆನಾಡ ನೀರು ಸಾರ್. ಬಾಟ್ಲಿಗೆ ತುಂಬಿ ಮಾರ್ಬೇಕು ಇದನ್ನ" ಎಂದು ಗಣೇಶಮೂರ್ತಿ ತಾನೂ ಕುಡಿದು, ಲೋಟವನ್ನು ನೆಲಕ್ಕಿಟ್ಟು, ಮೀಸೆ ಒರೆಸಿಕೊಂಡು ಮುಗುಳ್ನಕ್ಕ.

ಎಲೆಯಡಿಕೆ ತರಲು ಒಳಗೆ ಹೋಗಿದ್ದ ಕೆರಿಯಮ್ಮನಿಗೆ ಈ ಮಾತೆಲ್ಲ ಕೇಳಿಸಿತು. ಆ ಗಳಿಗೆಯಲ್ಲಿ ಅವಳಿಗೆ ಹೆಮ್ಮೆಯೇ ಆಯಿತು ಎಂದರೆ ನಂಬುತ್ತೀರಾ? 'ನಿಮಗಾಗಿ ಗುಡ್ಡ ಹತ್ತಿ ಹೋಗಿ ತಂದೆ' ಎಂದು ಹೇಳಿಕೊಳ್ಳುವುದುಂಟೆ? ಮಾಡಿದ ಉಪಚಾರವನ್ನು ಬಾಯಿಬಿಟ್ಟು ಆಡುವ ಮನೆಯಲ್ಲ ಅದು. ಅಧಿಕಾರಿ ಇನ್ನೊಂದು ಲೋಟ ಕೇಳಿದ. ಅವಳು ಸಂತೋಷದಿಂದ ತುಂಬಿ ಕೊಟ್ಟಳು.

ಆಮೇಲೆ ಬಾವಿಕಟ್ಟೆಗೆ ಹೋದರು. ಜಟ್ಟಪ್ಪ ಒಂದು ಬಿಂದಿಗೆ ಸೇದಿ ಎತ್ತಿದ. ಅಧಿಕಾರಿ ಬಗ್ಗಿ, ತಕ್ಷಣ ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡ. "ಬಾವಿಗೆ ಎಲೆ ಬಿದ್ದು ಕೊಳ್ತಿರ್ಬೇಕು ಸಾರ್, ಮಣ್ಣು ತೆಗೆಸಿಲ್ಲ ಇವ್ರು" ಎಂದ ಗಣೇಶಮೂರ್ತಿ. ನೀರು ತುಂಬಿಕೊಳ್ಳುವ ಬಾಟಲಿ ಇವತ್ತು ತಂದಿಲ್ಲ, ಇನ್ನೊಮ್ಮೆ ಕಳಿಸುತ್ತೇವೆ ಎಂದ ಅಧಿಕಾರಿ. ಬಿಳಿ ಕಾರಿನಲ್ಲಿ ಕ್ವಾರಿಗೆ ಹೋಗಿ ಹತ್ತು ನಿಮಿಷಕ್ಕೆ ವಾಪಸು ಬಂದ. ಹೋಗುವಾಗ ಕೆರಿಯಮ್ಮನಿಗೆ ಕೈ ಮುಗಿದು, "ನೀರು ಬಹಳ ಚೆನ್ನಾಗಿತ್ತಮ್ಮ" ಎಂದು ಹೇಳಿ ಹೋದ.

ವರದಿ ಬಂದದ್ದು ಹದಿನೆಂಟು ದಿನಕ್ಕೆ, ರಿಜಿಸ್ಟರ್ ಅಂಚೆಯಲ್ಲಿ. ಜಗುಲಿಯ ಕಂಬಕ್ಕೆ ಒರಗಿ ಕೂತು ಸೌಜನ್ಯ ಓದಿದಳು. ಅವಳು ಬಿ.ಎ. ಮಾಡಿದವಳು. ಅವಳಿಗೂ ಸರ್ಕಾರದ ಆ ಕನ್ನಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"'ಸದರಿ ಸ್ಥಳಕ್ಕೆ ಖುದ್ದು ಭೇಟಿ ನೀಡಿ ಪರಿಶೀಲಿಸಲಾಗಿ, ಅರ್ಜಿದಾರರ ಮನೆಯಲ್ಲಿ ಅರ್ಜಿದಾರರೇ ನೀಡಿದ ಕುಡಿಯುವ ನೀರನ್ನು ಸೇವಿಸಲಾಗಿದ್ದು, ಸದರಿ ನೀರು ಬಣ್ಣ ಮತ್ತು ವಾಸನೆರಹಿತವಾಗಿದ್ದು, ರುಚಿಕರವಾಗಿರುತ್ತದೆ. ಆದ್ದರಿಂದ ಅರ್ಜಿಯಲ್ಲಿನ ಆರೋಪಕ್ಕೆ ಆಧಾರ ಕಂಡುಬರದ ಕಾರಣ ಅರ್ಜಿಯನ್ನು ವಿಲೇಗೊಳಿಸಿದೆ.'"

ಅಂಗಳದಲ್ಲಿ ಕೋಳಿಯೊಂದು ಕೆದಕುತ್ತಿತ್ತು.

"ವಿಲೇ ಅಂದ್ರೆ?" ಎಂದಳು ಕೆರಿಯಮ್ಮ. ಗೊತ್ತಿದ್ದೂ ಕೇಳಿದಳು.

"ಮುಗೀತು ಅಂತ" ಎಂದ ಜಟ್ಟಪ್ಪ. ಎದ್ದು ನಿಂತ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ದನಿ ಎತ್ತಿ ಮಾತಾಡಿದವನಲ್ಲ. "ನಿನ್ನ ಬೆಲ್ಲ ನೀರಿಗಿಷ್ಟು ಬೆಂಕಿ ಹಾಕ! ಆ ಕಳ್ಳನಿಗೂ ಕೊಟ್ಯಲ್ಲೇ, ತಿಕ್ಕಿದ ಲೋಟದಾಗೆ! ಅವ್ನು ಯಾಕೆ ನಕ್ಕ ಅಂತ ಈಗ ಗೊತ್ತಾತಾ?" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಗದ್ದೆಯ ಕಡೆ ನಡೆದುಬಿಟ್ಟ.

ಕೆರಿಯಮ್ಮ ಕಾಗದ ಕಿತ್ತುಕೊಂಡು ನೇರ ಗುಡ್ಡ ಹತ್ತಿದಳು. ಆ ದಿನಕ್ಕೆ ಅದು ಆರನೆಯ ಸಲ. ಆದರೆ ಈ ಸಲ ಸೊಂಟದಲ್ಲಿ ಕೊಡಪಾನವಿರಲಿಲ್ಲ. ಕುಡಿಯಲು, ಅಡುಗೆಗೆ, ಬಸುರಿಯ ಸ್ನಾನಕ್ಕೆಂದು ದಿನಾ ಎಂಟು ಕೊಡ ಹೊರುತ್ತಿದ್ದಳು. ಬಾವಿಯ ನೀರು ಮೈಗೆ ಬಿದ್ದ ಎರಡೇ ದಿನಕ್ಕೆ ಸೌಜನ್ಯಳ ತೊಡೆಯ ಮೇಲೆಲ್ಲ ಕೆಂಪು ಗಂಧೆ ಎದ್ದಿತ್ತು. ಈಗ ಹೇಗೋ ನಡೆಯುತ್ತಿದೆ. ಹೆರಿಗೆಯಾದ ಮೇಲೆ? ಬಾಣಂತಿಗೆ ಹೊತ್ತಿಗೆ ಎರಡು ಹಂಡೆ ಕುದಿನೀರು ಬೇಕು. ಕೂಸಿಗೆ ಬೇರೆ, ಬಟ್ಟೆಗೆ ಬೇರೆ. ಯಾವ ತಾಯಿ ಅಷ್ಟು ನೀರನ್ನು ಸೊಂಟದ ಮೇಲೆ ಗುಡ್ಡ ಇಳಿಸಿಯಾಳು? ಮಗಳ ಬಾಣಂತನ ಮಾಡಲಾರದ ತವರೂ ಒಂದು ತವರೇ? ಹತ್ತುವಾಗ ಉದ್ದಕ್ಕೂ ಅವಳು ಇದನ್ನೇ ಯೋಚಿಸುತ್ತಿದ್ದಳು.

ಮೂಕಾಂಬಿಕಮ್ಮ ಕನ್ನಡಕ ಏರಿಸಿ ಕಾಗದ ಓದಿದರು. ಓದಿ ಮುಗಿಸಿ ಒಳಗೆ ಮುಖ ಮಾಡಿ ಗಂಡನಿಗೆ ಕೂಗಿ ಹೇಳಿದರು: "ಕೇಳಿದ್ರ, ಎಂಗ್ಳ ಅಬ್ಬಿ ನೀರಿಗೆ ಸರ್ಕಾರದ ಸರ್ಟಿಫಿಕೇಟ್ ಬೈಂದು!" ಸರ್ಟಿಫಿಕೇಟು ಬಂದದ್ದು ಅವರ ನೀರಿಗೇ ಸರಿ: ಅವರ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯ ಒರತೆಯಿಂದ, ಪೈಪಿನಲ್ಲಿ. ಅದಕ್ಕೆ ಕ್ವಾರಿಯ ಕೊಳಚೆ ತಾಗುವ ಹಾಗಿರಲಿಲ್ಲ. ನಗೆಯಲ್ಲಿ ಶುರುವಾದ ಅವರ ಮಾತು ನಗೆಯಲ್ಲಿ ಮುಗಿಯಲಿಲ್ಲ. ಕೆರಿಯಮ್ಮನ ಮುಖ ನೋಡಿ ಕಾಗದ ಮಡಚಿದರು.

"ನಂದೇ ತಪ್ಪು ಮೂಕಾಂಬಿಕಮ್ಮ. ನಾನೇ ನನ್ನ ಮಗ್ಳ ಬಾಯಿಗೆ ಮಣ್ಣು ಹಾಕ್ದೆ."

"ಎಂತ ತಪ್ಪು? ಬಂದವ್ರಿಗೆ ಒಳ್ಳೆ ನೀರು ಕೊಟ್ಟಿದ್ದು ತಪ್ಪಾ? ಕುಡಿದು ಹೋಗಿ ಹೀಂಗೆ ಬರೆದನಲ್ಲ, ಅವಂದು ತಪ್ಪು. ನೋಡು ಕೆರಿಯಮ್ಮ, ನೀನು ದೇವಸ್ಥಾನದಲ್ಲಿ ನಿಂತ ಹಂಗೆ ಅವ್ರ ಮುಂದೆ ನಿಲ್ಲಬೇಡ. ಬದುಕೋ ಹಕ್ಕು ಅಂತ ಸಂವಿಧಾನದಲ್ಲಿದೆಯಲ್ಲ, ಅದು ಬರೀ ಉಸಿರಾಡ್ತಾ ಬಿದ್ದಿರೋದಕ್ಕಲ್ಲ. ಒಳ್ಳೆ ನೀರು, ಒಳ್ಳೆ ಗಾಳಿ ಅದ್ರೊಳಗೇ ಸೇರಿದ್ದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ನೀನು ಕೇಳ್ತಿರೋದು ಭಿಕ್ಷೆಯಲ್ಲ."

"ನನ್ನ ಬಾವಿ ನೀರು ನಾನು ಕುಡೀಬೋದು ಅಂತ ಹೇಳಾಕೂ ಕೋರ್ಟು ಬೇಕಾತಾ ಅಮ್ಮ?" ಎಂದಳು ಕೆರಿಯಮ್ಮ. ಮೂಕಾಂಬಿಕಮ್ಮ ಎದ್ದು ಹೋಗಿ ಕಾಗದ, ಪೆನ್ನು ತಂದು ನಾಲ್ಕನೆಯ ಅರ್ಜಿ ಬರೆಯಲು ಕೂತರು.

ಆ ಅರ್ಜಿಯನ್ನು ಅಂಚೆಗೆ ಹಾಕಲಿಲ್ಲ. ಕೆರಿಯಮ್ಮ ತಾನೇ ಬಸ್ಸು ಹತ್ತಿ ಹೋದಳು. ಹನ್ನೊಂದಕ್ಕೆ ಹೋದವಳನ್ನು ಕಚೇರಿಯ ಬೆಂಚಿನ ಮೇಲೆ ಮೂರರ ತನಕ ಕೂರಿಸಿದರು. ಕೊನೆಗೆ ಒಳಗೆ ಕರೆದರು. ಅಭಿಷೇಕನ ಮೇಜಿನ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಿಂದ ಹಿಡಿದ ಒಂದು ಲೋಟ, ಮೇಲೊಂದು ಮುಚ್ಚಳ. ಎಷ್ಟು ಹೊತ್ತು ಕೂತಿದ್ದಿರಿ, ಬಾಯಾರಿಕೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳುತ್ತಾರೆ ಎಂದು ಅವಳೂ ಕಾದಿರಲಿಲ್ಲ ಬಿಡಿ.

"ಆ ನೀರು ಬಾವಿದಲ್ಲ ಸಾರ್. ನಿಮಗೆ ಅಂತ ಗುಡ್ಡದಿಂದ ತಂದಿದ್ದೆ."

"ಮತ್ತೆ ಹೇಳ್ಬೇಕಿತ್ತಲ್ಲಮ್ಮ. ನೀವೇ ಕೊಟ್ರಿ, ನಾನು ಕುಡಿದೆ. ಸುಳ್ಳೇನಾದ್ರೂ ಬರ್ದಿದೀನಾ?"

"ಬಾವಿಕಟ್ಟೆ ಮೇಲೆ ಕರ್ಚೀಪಲ್ಲಿ ಮೂಗು ಮುಚ್ಕಂಡ್ರಲ್ಲ, ಅದನ್ಯಾಕೆ ಬರೀಲಿಲ್ಲ?"

ಅವನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ. "ಅದು... ವೈಯಕ್ತಿಕ" ಎಂದ.

ವೈಯಕ್ತಿಕವಂತೆ! ಕುಡಿದ ನಾಲಿಗೆ ಸರ್ಕಾರದ್ದು, ಮುಚ್ಚಿಕೊಂಡ ಮೂಗು ಮಾತ್ರ ಅವನ ಸ್ವಂತದ್ದು. ಕೆರಿಯಮ್ಮನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ನನ್ನ ಮಗ್ಳು ಬಸ್ರಿ ಸಾರ್. ಅವ್ಳ ಮೈಮೇಲೆ ಎದ್ದಿರೋ ಗಂಧೆನೂ ವೈಯಕ್ತಿಕವಾ? ಸೀಲು ಹಾಕಿ ಕೊಡಿ. ಅರ್ಜಿ ತಗಂಡೀವಿ ಅಂತ ಸೀಲು ಹಾಕೋ ತನ್ಕ ನಾನು ಏಳಲ್ಲ" ಎಂದು ಅಲ್ಲೇ ಮೇಜಿನ ಎದುರು ನೆಲದ ಮೇಲೆ ಕೂತುಬಿಟ್ಟಳು. ಐದು ನಿಮಿಷಕ್ಕೆ ಸೀಲು ಬಿತ್ತು.

ಸೀಲು ಬಿದ್ದದ್ದೇನೋ ಬಿತ್ತು. ಜೀಪು ಬರಬೇಕಲ್ಲ! ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಶಿವರಾತ್ರಿ ಕಳೆದು ಬಿಸಿಲು ಏರಿತು. ಬಾವಿಯಲ್ಲಿ ನೀರು ಇಳಿದಂತೆಲ್ಲ ನಾತ ಹೆಚ್ಚಿತು. ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಮೂರನೆಯ ಭಾನುವಾರ ಅಳಿಯ ನಿರಂಜನ ಕಾರು ಮಾಡಿಕೊಂಡು ಬಂದ.

ಒಳ್ಳೆಯ ಹುಡುಗ. ಅದೇ ಕಷ್ಟ. ಜಗಳವಾಡುವ ಅಳಿಯನಾಗಿದ್ದರೆ ಕೆರಿಯಮ್ಮನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಇವನು ಜಗುಲಿಯ ಅಂಚಿನಲ್ಲಿ ಕೂತು ತಲೆ ತಗ್ಗಿಸಿಕೊಂಡೇ ಮಾತಾಡಿದ. "ಅತ್ತೆ, ತಪ್ಪು ತಿಳ್ಕಬೇಡಿ. ಡಾಕ್ಟ್ರು ಜಾಗ ಬದ್ಲಾಯ್ಸಿ ಅಂದಿದಾರೆ. ಅಮ್ಮನೂ ಅದ್ನೇ ಹೇಳ್ತಾಳೆ. ಬಾಣಂತನ ನಾವೇ ಮಾಡ್ತೀವಿ. ನೀರೊಂದು ಸರಿ ಆಗ್ಲಿ, ಮಗು ಕರ್ಕಂಡು ಬರ್ತೀವಿ."

ಬಾಣಂತನ ನಾವೇ ಮಾಡ್ತೀವಿ! ಚೊಚ್ಚಲ ಹೆರಿಗೆಗೆ ಕರೆತಂದ ಮಗಳನ್ನು ಹೆರುವ ಮುಂಚೆ ಗಂಡನ ಮನೆಗೆ ಸಾಗಹಾಕಿದ ಸುದ್ದಿ ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಬೀಗಿತ್ತಿಯ ಎದುರು ಇನ್ನು ಯಾವ ಮುಖ ಹೊತ್ತು ನಿಲ್ಲುವುದು? ಬಾಣಂತಿಗೆಂದು ಹುರಿದು ಕುಟ್ಟಿಟ್ಟ ಮೆಣಸು, ಓಮದ ಡಬ್ಬಿಗಳನ್ನು ಅವಳು ತಾನೇ ಚೀಲಕ್ಕೆ ತುಂಬಿದಳು. ಹಳೆ ಸೀರೆ ಹರಿದು ಹೊಲಿದಿಟ್ಟ ಕೂಸಿನ ಬಟ್ಟೆಗಳನ್ನೂ ತುಂಬಿದಳು. ಸೌಜನ್ಯ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಬಾಣಂತನಕ್ಕೆಂದು ಹೊಸದಾಗಿ ಕಲಾಯಿ ಹಾಕಿಸಿದ ಹಂಡೆಯನ್ನು ನೋಡುತ್ತಿದ್ದಳು.

"ನೀನು ಬೇಜಾರು ಮಾಡ್ಕಬ್ಯಾಡಮ್ಮ."

"ನಾನ್ಯಾಕೆ ಬೇಜಾರು ಮಾಡ್ಕಳ್ಲಿ, ಹೋಗು. ದಾರೀಲಿ ಅಲ್ಲಾಡ್ಸಬ್ಯಾಡ ಅಂತ ಅಳಿಯಂಗೆ ಹೇಳು."

ಕಾರಿಗೆ ಹತ್ತುವ ಮುಂಚೆ ನಿರಂಜನ ಅಭ್ಯಾಸಬಲದಿಂದ "ಒಂದು ಲೋಟ ನೀರು ಅತ್ತೆ" ಎಂದವನು, ನಾಲಿಗೆ ಕಚ್ಚಿಕೊಂಡು "ಬೇಡ ಬೇಡ, ಕಾರಲ್ಲಿ ಬಾಟ್ಲಿ ಇದೆ" ಎಂದ. ಅವನು ಹಾಗೆ ಅಂದದ್ದು ಕೆರಿಯಮ್ಮನ ಎದೆಗೆ ಚುಚ್ಚಿದಷ್ಟು ಮಗಳು ಹೋದದ್ದೂ ಚುಚ್ಚಲಿಲ್ಲ. ಕಾರು ತಿರುವು ದಾಟಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಹಂಡೆಯನ್ನು ಮಗುಚಿ ಹಾಕಿದಳು.

ಅದಾಗಿ ಹತ್ತು ದಿನಕ್ಕೆ, ಮಟಮಟ ಮಧ್ಯಾಹ್ನ, ಹೇಳದೆ ಕೇಳದೆ ಜೀಪು ಬಂತು. ಮೂಕಾಂಬಿಕಮ್ಮ ಮೇಲಿನವರಿಗೆಲ್ಲ ಕಾಗದ ಬರೆದದ್ದು ಎಲ್ಲಿಗೋ ಮುಟ್ಟಿರಬೇಕು. ಅಭಿಷೇಕ ಈ ಸಲ ಬಾಟಲಿಗಳ ಪೆಟ್ಟಿಗೆ ತಂದಿದ್ದ. ಬಿಳಿ ಕಾರೂ ಹಿಂದೆಯೇ ಬಂತು. ಯಾರು ಸುದ್ದಿ ಕೊಡುತ್ತಾರೋ, ಆ ಕಾರಿಗೆ ಮಾತ್ರ ಎಲ್ಲ ಮೊದಲೇ ತಿಳಿದಿರುತ್ತಿತ್ತು. ಆದರೆ ಗಣೇಶಮೂರ್ತಿ ತನ್ನ ಆಳುಗಳಿಗೆ ಹೇಳುವುದನ್ನು ಮರೆತಿದ್ದನೋ ಏನೋ, ಕ್ವಾರಿಯ ಗೇಟಿಗೆ ಬೀಗ ಬಿದ್ದಿತ್ತು, ಕೀಲಿ ಲಾರಿಯ ಜೊತೆ ಪೇಟೆಗೆ ಹೋಗಿತ್ತು. ಇಬ್ಬರೂ ಏರಿನ ಸುತ್ತ ಉರಿಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದು, ತಗಡಿನ ಸಂದಿಯಿಂದ ಗುಂಡಿ ನೋಡಿ, ಬೆವರು ಸುರಿಸುತ್ತ ಜಟ್ಟಪ್ಪನ ಜಗುಲಿಗೆ ಬಂದು ಕುಸಿದು ಕೂತರು. ಅಭಿಷೇಕನ ಮುಖ ಕೆಂಪಾಗಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು.

"ಅಮ್ಮ, ಸ್ವಲ್ಪ ನೀರು" ಎಂದ.

ಒಳಗೆ, ಅಡುಗೆಮನೆಯ ಕಟ್ಟೆಯ ಮೇಲೆ, ಬೆಳಿಗ್ಗೆ ತಂದ ಗುಡ್ಡದ ನೀರು ಕೊಡಪಾನದ ತುಂಬ ಇತ್ತು. ಕೆರಿಯಮ್ಮ ಒಳಗೆ ಹೋದಳು. ಕೈ ತನ್ನಷ್ಟಕ್ಕೆ ತಾನೇ ಮುಚ್ಚಳಕ್ಕೆ ಹೋಯಿತು. ಅಲ್ಲೇ ನಿಂತಳು. ಹೊರಗಿನಿಂದ ಅಧಿಕಾರಿ ಕೆಮ್ಮುವುದು ಕೇಳುತ್ತಿತ್ತು, ಒಣ ಕೆಮ್ಮು. ಆಮೇಲೆ ಬೆಲ್ಲದ ಡಬ್ಬಿ ತೆಗೆದು, ಎರಡು ತುಂಡು ತಟ್ಟೆಗೆ ಹಾಕಿ, ಅಷ್ಟನ್ನೇ ತಂದು ಇಬ್ಬರ ನಡುವೆ ಇಟ್ಟಳು.

ಅಭಿಷೇಕ ಒಂದು ತುಂಡು ಅರ್ಧ ಕಚ್ಚಿ, ನೀರಿಗೆಂದು ಕೈ ಚಾಚಿದ. ಚಾಚಿದ ಕೈಗೆ ಏನೂ ಬರಲಿಲ್ಲ.

"ನೀರು, ಅಮ್ಮ?"

"ಕೊಡಾಕೆ ನೀರಿಲ್ಲ ಸಾರ್."

ಜಟ್ಟಪ್ಪ ತಿರುಗಿ ಹೆಂಡತಿಯನ್ನು ನೋಡಿದ.

"ಇದೇನಮ್ಮ ಇದು!" ಎಂದು ಗಣೇಶಮೂರ್ತಿ ನಕ್ಕ. "ಬಿಸಿಲಲ್ಲಿ ಬಂದವ್ರಿಗೆ ಒಂದು ಲೋಟ ನೀರು ಕೊಡಲ್ಲ ಅಂದ್ರೆ ಹೆಂಗೆ? ಹುಲಿಗೆಮ್ಮನ ಮನೆ ಅಂದ್ರೆ ಊರಿಗೇ ಹೆಸ್ರು. ಸತ್ತೋರ ಮರ್ಯಾದೆ ಆದ್ರೂ ಬೇಡ್ವಾ?"

ಅತ್ತೆಯ ಹೆಸರು ಆ ಬಾಯಲ್ಲಿ ಬಂದದ್ದೇ ತಡ, ಕೆರಿಯಮ್ಮ ಬಾವಿಯ ಕಡೆ ಕೈ ತೋರಿಸಿದಳು. "ಬಾವಿಲಿ ನೀರಿದೆ. ಹಗ್ಗ, ಬಿಂದಿಗೆ ಅಲ್ಲೇ ಇದೆ. ನೀವೇ ಸೇದ್ಕಂಡು ಬನ್ನಿ. ನೀವೊಂದು ಲೋಟ ಕುಡೀರಿ, ನಾನೊಂದು ಲೋಟ ಕುಡೀತೀನಿ. ಬನ್ನಿ, ಏಳಿ."

ಗಣೇಶಮೂರ್ತಿ ಏಳಲಿಲ್ಲ. ಮೊಬೈಲು ತೆಗೆದು ನೋಡತೊಡಗಿದ.

"ಒಳಗೊಂದು ಕೊಡಪಾನ ಒಳ್ಳೆ ನೀರಿದೆ ಸಾರ್" ಎಂದಳು ಅವಳು, ಅಧಿಕಾರಿಯ ಕಡೆ ತಿರುಗಿ. "ಸುಳ್ಳು ಹೇಳಲ್ಲ. ಗುಡ್ಡದ ಮನೇದು. ನಿಮ್ಮ ಬಾಯಿ ಒಣಗಿದ್ದು ನಂಗೂ ಕಾಣ್ತದೆ. ಆದ್ರೆ ಕೊಡಲ್ಲ. ಹೋದ್ಸಲ ಕೊಟ್ಟೆ, ಅದನ್ನೇ ಬರ್ಕಂಡು ಹೋದ್ರಿ. ನನ್ನ ಮಗ್ಳು ತವರಲ್ಲಿ ಹೆರಾಕಾಗ್ದೆ ಹೊಂಟೋದ್ಲು. ಈಗ ಇದನ್ನೂ ಬರ್ಕಳಿ. ಈ ಮನೇಲಿ ಬಂದವ್ರಿಗೆ ಕೊಡಾಕೆ ನೀರಿಲ್ಲ ಅಂತ ಬರ್ಕಳಿ."

ಅಭಿಷೇಕ ಬಾಯಿಯಲ್ಲಿದ್ದ ಬೆಲ್ಲವನ್ನು ಕಷ್ಟಪಟ್ಟು ನುಂಗಿದ. ಎದ್ದು ಬಾವಿಕಟ್ಟೆಗೆ ಹೋದ. ತಾನೇ ಹಗ್ಗ ಇಳಿಬಿಟ್ಟು ಸೇದಿದ. ಅಭ್ಯಾಸವಿಲ್ಲದ ಕೈ, ಬಿಂದಿಗೆ ಗೋಡೆಗೆ ಬಡಿದು ಬಡಿದು ಮೇಲೆ ಬಂತು. ಅದರ ಮೇಲೆ ಬಗ್ಗಿದ. ಈ ಸಲ ಕರವಸ್ತ್ರ ತೆಗೆಯಲಿಲ್ಲ. ಹಾಗೇ ಸ್ವಲ್ಪ ಹೊತ್ತು ನಿಂತು, ಮೂರು ಬಾಟಲಿ ತುಂಬಿ, ಬಿರಡೆ ಹಾಕಿ, ಚೀಟಿ ಅಂಟಿಸಿದ. ಕೈಗೆ ತಾಗಿದ ನೀರನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ.

ಜಗುಲಿಗೆ ಬಂದು ಫೈಲು ಬಿಚ್ಚಿ ಬರೆದ. ಬರೆದದ್ದನ್ನು ಓದಿದ. ಗಂಟಲು ಒಣಗಿ ದನಿ ಸರಿಯಾಗಿ ಹೊರಡಲಿಲ್ಲ. "'ಅರ್ಜಿದಾರರು ತಮ್ಮ ಮನೆಯಲ್ಲಿ ಬಂದವರಿಗೆ ಕೊಡಲು ಯೋಗ್ಯವಾದ ನೀರು ಇರುವುದಿಲ್ಲವೆಂದು ತಿಳಿಸಿ, ನೀರು ಕೊಡಲು ನಿರಾಕರಿಸಿರುತ್ತಾರೆ.' ಸರಿನಾ ಅಮ್ಮ?"

"ಸಾರ್, ಅದೆಲ್ಲ ಯಾಕೆ ಬರೀಬೇಕು..." ಎಂದ ಗಣೇಶಮೂರ್ತಿ. ಅವನ ಕಡೆ ಯಾರೂ ನೋಡಲಿಲ್ಲ.

"ಸರಿ ಇದೆ" ಎಂದಳು ಕೆರಿಯಮ್ಮ.

"ಇಲ್ಲಿ ಸಹಿ ಹಾಕಿ."

ಅವಳು ಪೆನ್ನು ಹಿಡಿದಳು. ಈ ಮನೆಯ ಬಗ್ಗೆ ಇಂಥ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅಂಗಳಕ್ಕಿಳಿದು ಜಗಳಕ್ಕೆ ನಿಲ್ಲುತ್ತಿದ್ದಳು. ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕಾಗದ ಮಬ್ಬಾಗಿ ಕಂಡಿತು. ಅಭಿಷೇಕ ಬಾಟಲಿಯ ಪೆಟ್ಟಿಗೆ ಎತ್ತಿಕೊಂಡು ಜೀಪು ಹತ್ತಿದ.

ಧೂಳು ಅಡಗುವ ತನಕ ಜಟ್ಟಪ್ಪ ಅಂಗಳದಲ್ಲೇ ನಿಂತಿದ್ದ. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಹೆಂಡತಿಯ ಮುಂದೆ ಹಿಡಿದ. "ತಗ. ಬೆಳಿಗ್ಗಿಂದ ಏನೂ ಕುಡುದಿಲ್ಲ ನೀನು."

"ಬ್ಯಾಡ" ಎಂದಳು. "ಅವ್ರು ಪೇಟೆ ಮುಟ್ಟಿ ನೀರು ಕುಡೀಲಿ ಮೊದ್ಲು."

ಜಟ್ಟಪ್ಪ ಲೋಟವನ್ನು ಅವಳ ಪಕ್ಕದಲ್ಲಿಟ್ಟು ತಾನೂ ಕೂತ. ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು. ತಟ್ಟೆಯಲ್ಲಿ ಒಂದೂವರೆ ತುಂಡು ಬೆಲ್ಲ ಹಾಗೇ ಉಳಿದಿತ್ತು. ಕಂಬದ ಬುಡದಿಂದ ಹೊರಟ ಇರುವೆಗಳು ಸಾಲಾಗಿ ಬಂದು ಅದನ್ನು ಮುತ್ತತೊಡಗಿದವು.